ಫ್ಯೂಸಣ್ಣನ ಬಲಗೈ

ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿತ್ತು. ರಿಪೇರಿಗೆ ಯಾರು ಕರೆದರೂ ಹೊಸಿಲು ದಾಟುವ ಮೊದಲೇ "ಫ್ಯೂಸ್ ನೋಡಿದ್ರಾ?" ಎಂದು ಕೇಳುತ್ತಿದ್ದುದರಿಂದ ಅವನು ಊರಿಗೆಲ್ಲ ಫ್ಯೂಸಣ್ಣ. ನಲವತ್ತು ವರ್ಷ ಗೋಡೆ ಕೊರೆದು, ಪೈಪು ಹೂತು, ವೈರು ಎಳೆದವನು. ಅವನು ವೈರಿಂಗ್ ಮಾಡಿದ ಮನೆಯಲ್ಲಿ ಒಂದು ಕಿಡಿ ಹಾರಿದ್ದನ್ನು ಕಂಡವರಿಲ್ಲ.

ಹಾಗೆಂದು ಆ ಜಾಗರೂಕತೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸ ಕಲಿಯುತ್ತಿದ್ದ ಕಾಲಕ್ಕೆ, "ಲೈನ್ ಆಫ್ ಮಾಡಿದ್ದೀನಿ, ಹತ್ತಿ" ಎಂದು ಯಾರೋ ಹೇಳಿದ ಮಾತು ನಂಬಿ ಏಣಿ ಹತ್ತಿದ ಅವನ ಮೇಸ್ತ್ರಿ, ಶಾಕ್ ಹೊಡೆದು ಕೆಳಗೆ ಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಫ್ಯೂಸಣ್ಣನಿಗೆ ಒಂದೇ ಮಂತ್ರ: ತಲೆ ಮರೆತರೆ ಮರೆಯಲಿ, ಕೈ ಮರೆಯಬಾರದು. ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಬಲಗೈ ತಾನೇ ತಾನಾಗಿ ಸ್ವಿಚ್ಚುಗಳ ಮೇಲೆ ಹರಿದು ಎಲ್ಲವನ್ನೂ ಆರಿಸುತ್ತಿತ್ತು. ಒಳಗೆ ನೆಂಟರು ಕೂತಿದ್ದಾರೆಂಬುದೂ ಅದಕ್ಕೆ ಲೆಕ್ಕವಿಲ್ಲ. "ನಮ್ಮನೆಗೆ ಬರೋರು ಬೀಸಣಿಗೆ ಹಿಡ್ಕೊಂಡೇ ಬರಬೇಕು" ಎಂದು ಹೆಂಡತಿ ನಗುತ್ತಿದ್ದಳು.

ಆ ಹೆಂಡತಿಗೆ ಹೋದ ವರ್ಷ ಎಡಭಾಗಕ್ಕೆ ಲಕ್ವ ಹೊಡೆಯಿತು. ಬಲಗೈ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿ ಆಗಲೇ ಹತ್ತು ವರ್ಷವಾಗಿತ್ತು. ಮೊಬೈಲ್ ಹಿಡಿದರೆ ಜಾರಿ ಬೀಳುತ್ತಿತ್ತು. ನಾಲಿಗೆಯೊಂದು ಮಾತ್ರ ಸಾಣೆ ಹಿಡಿದ ಕತ್ತಿಯಂತೆ ಹಾಗೇ ಉಳಿದಿತ್ತು. ಮಧ್ಯಾಹ್ನ ಎದುರುಮನೆಯಾಕೆ ಬಂದು ಊಟ ಮಾಡಿಸಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಕಿಟಕಿಯ ಬಳಿಯ ಕುರ್ಚಿಯಲ್ಲಿ ಒಬ್ಬಳೇ.

ಊರಿನ ಆಚೆ ಬದಿಯಲ್ಲಿದ್ದ ಮಗಳು ಒಂದು ದಿನ ಬಂದು ಪಟ್ಟು ಹಿಡಿದಳು. "ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಪ್ಪ. ಹೀಗೆ ಬಿಟ್ಟು ನೀನು ಕೆಲಸಕ್ಕೆ ಹೋದ್ರೆ ನನಗೆ ಅಲ್ಲಿ ಅನ್ನ ಇಳಿಯಲ್ಲ."

"ನಾನು ಬರಲ್ಲ ಕಣೆ" ಎಂದಳು ತಾಯಿ. "ನಿನ್ನ ಮನೆ ನಿನಗೆ ಚೆಂದ, ನನ್ನ ಮನೆ ನನಗೆ. ಈ ಕಿಟಕಿ ಬಿಟ್ರೆ ನನಗೆ ಉಸಿರು ಕಟ್ತದೆ."

ಫ್ಯೂಸಣ್ಣ ಇಬ್ಬರ ಮುಖವನ್ನೂ ನೋಡಿದ. "ಒಂದು ವಾರ ಟೈಮ್ ಕೊಡು ಮಗಳೇ. ಮಾತು ಕೇಳೋ ಸ್ಪೀಕರ್ ಬಂದಿದೆಯಂತೆ. ಕೂತಲ್ಲಿಂದ ಹೇಳಿದ್ರೆ ದೀಪ ಹತ್ತುತ್ತೆ, ನಿನಗೆ ಫೋನೂ ಹೋಗುತ್ತೆ. ಅದನ್ನ ಹಾಕ್ತೀನಿ. ಒಂದು ವಾರದಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಕರ್ಕೊಂಡು ಹೋಗು."

ತೆಂಗಿನಕಾಯಿಯಷ್ಟು ದಪ್ಪದ ಸ್ಪೀಕರು, ಎರಡು ಬಲ್ಬು, ಟೇಬಲ್ ಫ್ಯಾನಿಗೊಂದು ಪ್ಲಗ್ಗು ಬಂದವು. ಅಂಗಡಿಯವನು ಕೂಡಿಸಿಕೊಡಲೇ ಎಂದದ್ದಕ್ಕೆ "ನಾನೂ ಇದೇ ಕಸುಬಿನವನಪ್ಪ" ಎಂದು ಎದೆಯುಬ್ಬಿಸಿ ಬಂದಿದ್ದ. ಬಂದ ಮೇಲೆ ಬೆವರಿಳಿಯಿತು. ವೈರು ಕಂಡರೆ ಬಣ್ಣ ನೋಡಿ ಜಾತಕ ಹೇಳುವವನಿಗೆ ಇಲ್ಲಿ ಹಿಡಿಯಲು ವೈರೇ ಇಲ್ಲ! ಮೊಬೈಲಿನಲ್ಲಿ ಆ್ಯಪ್ ಇಳಿಸಬೇಕು, ವೈಫೈ ಪಾಸ್‌ವರ್ಡ್ ಕೊಡಬೇಕು, ಬಲ್ಬು ಮಿಣುಕುವವರೆಗೆ ಕಾಯಬೇಕು, ಕೂಸಿಗೆ ಇಟ್ಟಂತೆ ಒಂದೊಂದಕ್ಕೂ ಹೆಸರಿಡಬೇಕು. ಮೂರು ಸಲ ಎಲ್ಲ ಅಳಿಸಿಹೋಗಿ ನಾಲ್ಕನೆಯ ಸಲ ಕೂಡಿಕೊಂಡಿತು.

"ಈಗ ಹೇಳು" ಎಂದ.

"ದೀಪ ಹಾಕು" ಎಂದಳು. ದೀಪ ಹತ್ತಿತು. ಅವಳು ತುಸು ಹೊತ್ತು ಅದನ್ನೇ ನೋಡಿದಳು. "ರೀ, ನಲವತ್ತು ವರ್ಷ ನಿಮಗೆ ಹೇಳಿ ಹೇಳಿ ಬಾಯಿ ಒಣಗಿತು. ಇದು ನೋಡಿ, ಒಂದೇ ಮಾತಿಗೆ!"

"ಅದಕ್ಕೆ ಸಂಬಳ ಇಲ್ಲ, ಸಿಟ್ಟೂ ಇಲ್ಲ" ಎಂದ ಫ್ಯೂಸಣ್ಣ. ತಿಂಗಳುಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

ಈ ಏರ್ಪಾಟಿಗೆ ಒಂದೇ ಷರತ್ತು. ಗೋಡೆಯ ಸ್ವಿಚ್ಚು ಸದಾ ಆನ್ ಇರಬೇಕು. ಅಲ್ಲಿ ಆರಿಸಿದರೆ ಬಲ್ಬಿಗೆ ಕರೆಂಟೇ ಇಲ್ಲ, ಎಷ್ಟು ಕೂಗಿದರೂ ಅದು ಹೆಣ. ಇದು ಫ್ಯೂಸಣ್ಣನಿಗೆ ಗೊತ್ತಿರಲಿಲ್ಲವೆ? ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

ಮೊದಲ ದಿನ ಸಂಜೆ ಕೆಲಸ ಮುಗಿಸಿ ಬಂದರೆ ಮನೆ ಕತ್ತಲು. "ಯಾಕೆ, ದೀಪ ಹಾಕು ಅನ್ನಲಿಲ್ವಾ?" ಎಂದು ಬಾಗಿಲಲ್ಲೇ ಕೇಳಿದ.

"ಅಂದೆ. ದೀಪ ಸಿಗ್ತಾ ಇಲ್ಲ ಅಂತು."

ಅವನು ಸ್ವಿಚ್ಚು ನೋಡಿದ. ಆಫ್ ಆಗಿತ್ತು. ಬೆಳಿಗ್ಗೆ ಹೊರಡುವಾಗ ಕೈ ತನ್ನ ಕೆಲಸ ತಾನು ಮಾಡಿಕೊಂಡಿತ್ತು. ಅಷ್ಟರಲ್ಲಿ ಮಗಳ ಕರೆ ಸ್ಪೀಕರಿನಲ್ಲೇ ಬಂತು. "ಎಲ್ಲ ಸರಿಯಾಗಿದೆಯಾ ಅಮ್ಮ?" "ಸೊಗಸಾಗಿದೆ ಕಣೆ, ಅರಮನೆ ಹಾಗೆ" ಎಂದು ಅವಳು ಕತ್ತಲಲ್ಲೇ ಉತ್ತರ ಕೊಟ್ಟಳು.

ಎರಡನೆಯ ದಿನ ಸ್ವಿಚ್ಚುಗಳ ಮೇಲೆ ಟೇಪು ಅಂಟಿಸಿದ. ಮೂರು ದಿನ ಸುಸೂತ್ರ. ಐದನೆಯ ದಿನ ಬೆಳಿಗ್ಗೆ ಅವನು ವೈರಿಂಗ್ ಮಾಡುತ್ತಿದ್ದ ಕಟ್ಟಡದ ಮಾಲೀಕನಿಂದ ಅವಸರದ ಫೋನು. ಮೊಬೈಲ್ ಕಿವಿಗಿಟ್ಟು ಮಾತಾಡುತ್ತಲೇ ಹೊರಟ. ಆ ದಿನ ಸಂಜೆ ಮಗಳು ಕರೆದರೆ ಸ್ಪೀಕರು ಓಗೊಡಲಿಲ್ಲ. ಎರಡನೆಯ ಸಲವೂ ಇಲ್ಲ. ಅವಳು ಆಟೋ ಹಿಡಿದು ಓಡಿಬಂದಳು. ಟೇಪು ಸುಲಿದು ನೇತಾಡುತ್ತಿತ್ತು. ದೀಪ, ಫ್ಯಾನು, ಸ್ಪೀಕರು ಮೂರರ ಸ್ವಿಚ್ಚೂ ಆಫ್. ತಾಯಿ ಸ್ಪೀಕರಿನ ಸ್ವಿಚ್ಚು ಮುಟ್ಟಲು ಹೋಗಿ ಕುರ್ಚಿಯಿಂದ ಜಾರಿ, ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಮಧ್ಯಾಹ್ನ ಊಟ ಮಾಡಿಸಿ ಹೋದ ಎದುರುಮನೆಯಾಕೆ ಸ್ವಿಚ್ಚುಗಳ ಕಡೆ ನೋಡಿರಲಿಲ್ಲ; ಆಮೇಲೆ ಎಷ್ಟು ಹೊತ್ತಿನಿಂದಲೋ.

ಫ್ಯೂಸಣ್ಣ ಬಂದಾಗ ಮಗಳು ಬ್ಯಾಗಿಗೆ ಸೀರೆ ತುಂಬುತ್ತಿದ್ದಳು.

"ಟೇಪು ಯಾರಪ್ಪ ಕಿತ್ತಿದ್ದು?"

"ನಾನೇ ಇರಬೇಕು."

"ಇರಬೇಕು ಅಂದ್ರೆ?"

"ಗೊತ್ತಿಲ್ಲ ಕಣಮ್ಮ. ದೇವರಾಣೆ ಗೊತ್ತಿಲ್ಲ."

ಅವಳು ಬ್ಯಾಗಿನ ಜಿಪ್ಪು ಎಳೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಂಡತಿ ಆಟೋದಲ್ಲಿ ಕೂತ ಮೇಲೆ ಅವನನ್ನು ಹತ್ತಿರ ಕರೆದಳು. "ಸ್ವಿಚ್ಚೇ ಇಲ್ದೇ ಇರೋ ಹಾಗೆ ಮಾಡಿ. ಅದಾದ ಮೇಲೆ ಬಂದು ಕರ್ಕೊಂಡು ಹೋಗಿ."

ಸ್ವಿಚ್ಚಿಲ್ಲದ ದೀಪ! ಹಾಗೆ ನೇರವಾಗಿ ಲೈನ್ ಕೊಟ್ಟವರನ್ನು ಜೀವಮಾನವಿಡೀ ಬಾಯಿಗೆ ಬಂದಂತೆ ಉಗಿದವನು ಅವನು. ಆದರೂ ಮಾಡಿದ. ಬೋರ್ಡು ಬಿಚ್ಚಿ, ಸ್ವಿಚ್ಚುಗಳನ್ನು ಕಿತ್ತು, ವೈರುಗಳನ್ನು ನೇರವಾಗಿ ಜೋಡಿಸಿ, ಮೇಲೊಂದು ಬೋಳು ಪಟ್ಟಿ ಬಡಿದ. ಅವಳನ್ನು ಕರೆತರುವ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ವಾರ ಗೊತ್ತು ಮಾಡಿಕೊಂಡ. ಬೆಳಿಗ್ಗೆ ದೀಪ ಹಾಕಿಟ್ಟು ಹೋಗುವುದು, ಸಂಜೆ ಬಂದು ನೋಡುವುದು. ಒಂದು ದಿನ ಉರಿಯುತ್ತಿತ್ತು. ಎರಡು ದಿನ, ಮೂರು ದಿನ. ಹೆಂಡತಿಗೆ ಫೋನು ಮಾಡಿ "ಭಾನುವಾರ ಬರ್ತೀನಿ, ಸಿದ್ಧವಾಗಿರು" ಎಂದ.

ಶನಿವಾರ ಸಂಜೆ ಬೀದಿಯ ತಿರುವಿನಲ್ಲೇ ಕಾಲು ನಿಂತಿತು. ಕಿಟಕಿ ಕಪ್ಪಗಿತ್ತು. ಕರೆಂಟು ಹೋಗಿರಬಹುದೆಂದು ಅಕ್ಕಪಕ್ಕ ನೋಡಿದ. ಎದುರುಮನೆಯಲ್ಲಿ ದೀಪವಿತ್ತು. ಬಾಗಿಲ ಪಕ್ಕದ ಮೇನ್ ಸ್ವಿಚ್ಚು ಕೆಳಗಿಳಿದಿತ್ತು. ಕೋಣೆಯಲ್ಲಿ ಒತ್ತಲು ಏನೂ ಸಿಗದ ಕೈ ಇಲ್ಲಿಯವರೆಗೆ ನಡೆದು ಬಂದಿತ್ತು.

ಭಾನುವಾರ ಮಗಳ ಮನೆಗೆ ಹೋದ. ಹೆಂಡತಿ ತಲೆ ಬಾಚಿಸಿಕೊಂಡು, ಬ್ಯಾಗು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಮುಚ್ಚಿಡಬಹುದಿತ್ತು. ಆದರೆ ಮಗಳು ನೀರು ತರಲು ಒಳಗೆ ಹೋದಾಗ ಅವನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ.

ಹೆಂಡತಿ ಸೊಟ್ಟ ಬೆರಳುಗಳಿಂದ ಬ್ಯಾಗನ್ನು ಅವನತ್ತ ತಳ್ಳಿದಳು. ಆ ನಾಲಿಗೆಯೂ ಸೋತದ್ದನ್ನು ಅವನು ಕಂಡದ್ದು ಅಂದೇ.

"ಬ್ಯಾಗು ಒಳಗಿಡ್ಲಾ?" ಎಂದು ಕೇಳಿದ.

"ಇಡಿ" ಎಂದಳು. "ಸೀರೆ ಹೊರಗೆ ತೆಗೆದು ಇಡಿ. ಮಡಿಕೆಯಲ್ಲೇ ಇದ್ರೆ ಹಾಳಾಗ್ತವೆ."