ಕಡಲಿಗೆ ಮುಖ ಮಾಡಿದ್ದ ಚರ್ಚು

ಕಳೆದ ವಾರ ಲಾಸ್ ಗ್ಯಾಟೋಸ್‌ನ ಗುಡ್ಡದ ಮೇಲಿರುವ ಒಂದು ಹಳೆಯ ಮನೆಗೆ ಹೋಗಿದ್ದೆ. ಗುಡ್ಡ ಜಾರದಂತೆ ತಡೆಯುವ ಗೋಡೆಗಳ ಲೆಕ್ಕಾಚಾರ ಮಾಡುವುದು ನನ್ನ ಕೆಲಸ. ಹಿತ್ತಿಲ ಕಲ್ಲುಗೋಡೆಯನ್ನು ಬಿಚ್ಚುತ್ತಿದ್ದವರು ಧೂಳು ಏಳದಿರಲೆಂದು ಪೈಪಿನಿಂದ ನೀರು ಬಿಟ್ಟರು. ನೆನೆದ ಹಳೆಯ ಸುಣ್ಣದ ವಾಸನೆ ಒಮ್ಮೆಲೇ ಮೂಗಿಗೆ ಅಡರಿತು. ತಮ್ಮೂರಿನ ಚರ್ಚಿನ ಬಾಗಿಲು ತೆರೆದರೆ ಮೊದಲು ಬರುತ್ತಿದ್ದುದು ಒದ್ದೆ ಸುಣ್ಣದ ವಾಸನೆ ಎನ್ನುತ್ತಿದ್ದ ಎದುರುಮನೆಯ ಅಜ್ಜಿ ನೆನಪಾದರು. ಕೈಯಲ್ಲಿದ್ದ ಅಳತೆಯ ಟೇಪನ್ನು ಮರೆತು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ...

ಎಮರಿವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಪುಟ್ಟ ಹಳ್ಳಿಯಲ್ಲಿ ಬೆಳೆದು, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು; ಮಕ್ಕಳಿರಲಿಲ್ಲ. ಶ್ವಾಸಕೋಶ ಸೋತು, ಮೂಗಿಗೆ ಸದಾ ಆಕ್ಸಿಜನ್ ನಳಿಕೆ. ಇನ್ನು ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಡಾಕ್ಟರು ಹಾಗೆ ಹೇಳಿದ ವರ್ಷವೇ ಹುಬ್ಬಳ್ಳಿಯಿಂದ ನಮ್ಮ ಅವ್ವ ಬಂದಿದ್ದಳು. ನಾನು ಆಫೀಸಿಗೆ ಹೋದ ಮೇಲೆ ಅವ್ವ ಎದುರುಮನೆಗೆ ಹೋಗಿ ಕೂರುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಚಹಾ ಆರುವಷ್ಟು ಹೊತ್ತು ಇಬ್ಬರೂ ಮಾತಾಡುತ್ತಿದ್ದರು. ಸಂಜೆ ಅವ್ವನನ್ನು ಕರೆಯಲು ಹೋದರೆ ಅಜ್ಜಿ ನನ್ನನ್ನೂ ಕೂರಿಸಿಕೊಂಡು ಚರ್ಚಿನ ಕತೆ ತೆಗೆಯುತ್ತಿದ್ದರು. ಅವರು ಆಡಿದ್ದೆಲ್ಲ ಇಂಗ್ಲಿಷೇ. ಅವ್ವನಿಗಾಗಿ ತಿರುಗಿಸಿ ಹೇಳಿ ಹೇಳಿ, ನನ್ನ ನೆನಪಿನಲ್ಲಿ ಅವರ ಮಾತು ಕನ್ನಡದಲ್ಲೇ ಉಳಿದುಬಿಟ್ಟಿದೆ.

ಅವರ ತಂದೆ ಆ ಚರ್ಚಿನ ಪಾದ್ರಿಯಾಗಿದ್ದರು. ಗೋಡೆಯ ತುಂಬ ಅದರದೇ ಫೋಟೋಗಳು. ಜನ ಕೂರುವ ನಡುಭಾಗ ಎಲ್ಲಕ್ಕಿಂತ ಹಳೆಯದು. ಅಲ್ಲಿ ದಪ್ಪನೆಯ ಗುಂಡು ಕಂಬಗಳು, ಅರ್ಧಚಂದ್ರದಂಥ ಕಮಾನುಗಳು. ಕೆಲವು ತಲೆಮಾರುಗಳ ನಂತರ ಪೂರ್ವದ ತುದಿಯಲ್ಲಿ ಪೂಜಾಪೀಠದ ಕೋಣೆಯನ್ನು ಕಟ್ಟುವ ಹೊತ್ತಿಗೆ ಗಾಥಿಕ್ ಶೈಲಿ ಬಂದಿತ್ತು. ಅಲ್ಲಿ ಕಮಾನಿನ ನೆತ್ತಿ ಚೂಪು. ಚೂಪು ಕಮಾನು ಭಾರವನ್ನು ಪಕ್ಕಕ್ಕೆ ತಳ್ಳುವುದು ಕಡಿಮೆ, ಹಾಗಾಗಿ ಕಂಬ ಸಣ್ಣದಾಗಿ ಕಿಟಕಿ ಆಳೆತ್ತರಕ್ಕಿಂತ ಮೇಲೆ ಏರಿತ್ತು. ಉತ್ತರದ ಗೋಡೆಯಲ್ಲಿ ಮಾತ್ರ ಹೊಸ ಕಮಾನುಗಳ ಸಾಲು ಅರ್ಧಕ್ಕೇ ನಿಂತಿತ್ತು. "ಪ್ಲೇಗ್ ಬಂತು, ಕಲ್ಲು ಕಡಿಯುವವರೇ ಸತ್ತುಹೋದರು. ಉಳಿದವರು ಆ ಜಾಗಕ್ಕೆ ಒರಟು ಕಲ್ಲು ತುಂಬಿ ಮುಚ್ಚಿಬಿಟ್ಟರು" ಎನ್ನುವಾಗ, ಆರೇಳು ಶತಮಾನಗಳ ಹಿಂದಿನ ಮಾತಾದರೂ, ನೆರೆಮನೆಯಲ್ಲಿ ನಿನ್ನೆ ಆದ ಸಾವಿನ ಸುದ್ದಿ ಹೇಳುವವರಂತೆ ಅಜ್ಜಿಯ ದನಿ ತಗ್ಗುತ್ತಿತ್ತು. ಆಮೇಲೆ ಉಣ್ಣೆ ವ್ಯಾಪಾರಿಗಳು ಪಶ್ಚಿಮಕ್ಕೆ ಗೋಪುರ ಎಬ್ಬಿಸಿದರು; ಮರದ ಮಾಡಿನ ತೊಲೆಗಳಿಗೆ ರೆಕ್ಕೆ ಬಿಚ್ಚಿದ ದೇವದೂತರನ್ನು ಕೆತ್ತಿಸಿದರು.

ಅವ್ವ ಫೋಟೋಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಮ್ಮ ಲಕ್ಕುಂಡಿ ಗುಡಿ ಹಂಗ ಐತಲ್ಲವಾ. ಇದು ಮಂಟಪ, ಅದು ಗರ್ಭಗುಡಿ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಅಂದಿನಿಂದ ಆ ಪೂರ್ವದ ಕೋಣೆ ಅವರ ಬಾಯಲ್ಲೂ "ಗರ್ಬಗುಡಿ" ಆಯಿತು.

ಆ ಗರ್ಭಗುಡಿಯ ದೊಡ್ಡ ಕಿಟಕಿಯ ಕೆಳಗೆ, ಹೊರಗೆ ಹುಲ್ಲಿನಲ್ಲಿ, ಅವರ ತಂಗಿಯ ಸಮಾಧಿಯಿತ್ತು. ಶಾಲೆಗೆ ಸೇರಿದ ವರ್ಷವೇ ಜ್ವರ ಬಂದು ಹೋದ ಮಗು. ಸ್ವಲ್ಪ ಕಾಲದ ನಂತರ ತಂದೆಗೆ ಬೇರೆ ಊರಿಗೆ ವರ್ಗವಾಯಿತು. "ಎಲ್ಲ ಸಾಮಾನು ಗಾಡಿಗೆ ಹಾಕಿದೆವು. ಅವಳನ್ನು ಮಾತ್ರ ಬಿಟ್ಟು ಬಂದೆವು" ಎಂದಿದ್ದರು ಒಮ್ಮೆ.

ಚರ್ಚು ಕಟ್ಟುವ ಕಾಲಕ್ಕೆ ಕಡಲು ಬಹಳ ದೂರವಿತ್ತಂತೆ. ನಡುವೆ ಹೊಲಗಳಿದ್ದವು, ಒಂದು ಬೀದಿಯೂ ಇತ್ತಂತೆ. ತಲೆಮಾರಿನಿಂದ ತಲೆಮಾರಿಗೆ ದಂಡೆ ಕುಸಿಯುತ್ತ ಹೊಲ ಹೋಯಿತು, ಬೀದಿ ಹೋಯಿತು. ನಾವು ಕತೆ ಕೇಳುತ್ತಿದ್ದ ಆ ದಿನಗಳಲ್ಲಿ ಅಲೆ ಚರ್ಚಿನ ಹುಲ್ಲಿನ ಅಂಚಿಗೇ ಬಂದಿತ್ತು. ಊರ ಪಕ್ಕದಲ್ಲೇ ಇದ್ದ ಅಜ್ಜಿಯ ಅಣ್ಣನ ಮಗಳು ವಿಡಿಯೋ ಕಾಲಿನಲ್ಲಿ ಸುದ್ದಿ ಕೊಟ್ಟಳು: ಅಲ್ಲಿ ತಡೆಗೋಡೆ ಕಟ್ಟುವುದಿಲ್ಲವೆಂದು ಆಡಳಿತ ತೀರ್ಮಾನಿಸಿದೆ.

ಅಜ್ಜಿ ನನ್ನತ್ತ ತಿರುಗಿದರು. "ಗುಡ್ಡ ಹಿಡಿದು ನಿಲ್ಲಿಸುವುದೇ ನಿನ್ನ ಕೆಲಸವಲ್ಲವೇ? ನೋಡು."

ನೋಡಿದೆ. ಅಣ್ಣನ ಮಗಳು ಕಳಿಸಿದ ಚಿತ್ರಗಳನ್ನೂ ಮಣ್ಣಿನ ವರದಿಯನ್ನೂ ಆಫೀಸಿಗೆ ಒಯ್ದು, ಪಕ್ಕದ ಸೀಟಿನ ಬೆಂಗಳೂರಿನ ಗೆಳೆಯನಿಗೂ ತೋರಿಸಿದೆ. ಅವನು ಸ್ಕ್ರೀನು ಹಿಗ್ಗಿಸಿ ಹಿಗ್ಗಿಸಿ ನೋಡಿ ತಲೆಯಾಡಿಸಿದ. "ಇದು ಬರೀ ಮರಳು ಕಣ್ರೀ. ಹಿಡಿಯೋಕೆ ಕೆಳಗಡೆ ಏನೂ ಇಲ್ಲ. ಚರ್ಚ್ ಮುಂದೆ ಕಲ್ಲು ಸುರಿದ್ರೆ ಇಲ್ಲಿಂದ ಆ ಕಡೆ ಮರಳು ಹೋಗೋದು ನಿಂತು ಪಕ್ಕದ ಊರಿನ ಬೀಚು ಹೋಗತ್ತೆ. ಯಾರು ಅಪ್ರೂವ್ ಮಾಡ್ತಾರೆ?"

ನನಗೂ ಅದು ಗೊತ್ತಿತ್ತು. ಬೇರೆ ಯಾರಾದರೂ ಬೇರೆ ಏನಾದರೂ ಹೇಳಲಿ ಎಂದು ಕೇಳಿದ್ದೆ, ಅಷ್ಟೇ.

ಅಂದು ಸಂಜೆ ಅಜ್ಜಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ವಾದ ಮಾಡಲಿಲ್ಲ.

"ಮೊದಲು ಬೀಳುವುದು ಗರ್ಬಗುಡಿಯೇ?"

"ಹೌದು."

"ಗೋಪುರ?"

"ಅದು ಕೊನೆಗೆ."

"ಹಾಗಾದರೆ ಎಲ್ಲಕ್ಕಿಂತ ಮೊದಲು ಅವಳು" ಎಂದರು. ನಾನು ಆರಿದ ಚಹಾದ ಕಪ್ಪುಗಳನ್ನು ಎತ್ತಿ ಸಿಂಕಿಗೆ ಒಯ್ದೆ...

ಸಮಾಧಿಯನ್ನು ಬೇರೆಡೆಗೆ ಒಯ್ಯಲು ಅಣ್ಣನ ಮಗಳು ಓಡಾಡಿದಳು. ಅನುಮತಿಯೂ ಸಿಕ್ಕಿತು. ಆದರೆ ಅಷ್ಟರಲ್ಲಿ ನೆಲ ಬಿರುಕು ಬಿಟ್ಟಿತ್ತು. ಆ ಅಂಚಿಗೆ ಯಾರನ್ನೂ ಅಗೆಯಲು ಕಳಿಸುವಂತಿಲ್ಲ ಎಂದರು ಆಡಳಿತದವರು. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಮಾಡಿನ ದೇವದೂತರನ್ನು ಮಾತ್ರ ಜೋಪಾನವಾಗಿ ಇಳಿಸಿ ಒಂದು ಮ್ಯೂಸಿಯಮ್ಮಿಗೆ ಸಾಗಿಸಿದರು. "ಮರದವರಿಗೆ ಜಾಗ ಸಿಕ್ಕಿತು" ಎಂದರು ಅಜ್ಜಿ, ಸಿಟ್ಟಿಲ್ಲದೆ.

ಆ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಅವ್ವ ಬಂದು ನನ್ನನ್ನು ಕರೆದಳು. ಹೋಗಿ ನೋಡಿದರೆ ಅಜ್ಜಿಯ ಲ್ಯಾಪ್‌ಟಾಪಿನಲ್ಲಿ ಬೂದು ಆಕಾಶ, ಗಾಳಿಯ ಭೋರು. ಅಲ್ಲಿ ಆಗಲೇ ಮಧ್ಯಾಹ್ನ. ರಾತ್ರಿಯ ಬಿರುಗಾಳಿಗೆ ಹುಲ್ಲಿನ ಅಂಚು ಪೂರ್ತಿ ಕುಸಿದಿತ್ತು. ಅಣ್ಣನ ಮಗಳು ದೂರದ ಹೊಲದಲ್ಲಿ ನಿಂತು ಫೋನು ಹಿಡಿದಿದ್ದಳು. ದೊಡ್ಡ ಕಿಟಕಿಯ ಕೆಳಗೆ ನೆಲವೇ ಇರಲಿಲ್ಲ.

ಅವ್ವ ಅಜ್ಜಿಯ ಕೈ ಹಿಡಿದುಕೊಂಡಳು. "ಅಕ್ಕಾರ, ನೋಡಬ್ಯಾಡ್ರಿ. ನೀ ಹೇಳವಾ ಅವರಿಗೆ, ನೋಡಬ್ಯಾಡ ಅನ್ನು."

ಹೇಳಿದೆ. ಅಜ್ಜಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿಟಕಿಯ ಕಲ್ಲಿನ ಚೌಕಟ್ಟು ಮೊದಲು ಹೊರಕ್ಕೆ ವಾಲಿತು. ಆಮೇಲೆ ಚೂಪು ಕಮಾನು ನೆತ್ತಿಯಲ್ಲಿ ಬಿಟ್ಟುಕೊಂಡಿತು. ಸದ್ದು ನಮಗೆ ಕೇಳಿಸಲೇ ಇಲ್ಲ, ಗಾಳಿ ಅಷ್ಟಿತ್ತು. ಧೂಳು ಸರಿದಾಗ ಅರ್ಧಚಂದ್ರದ ಹಳೆಯ ಕಮಾನುಗಳ ಆಚೆ ನೇರ ಕಡಲು ಕಾಣುತ್ತಿತ್ತು. ಅಜ್ಜಿ ಏನೋ ಹೇಳಲು ಬಾಯಿ ತೆರೆದರು, ಉಸಿರು ಸಾಲಲಿಲ್ಲ. ನಾನು ಆಕ್ಸಿಜನ್ ಯಂತ್ರದ ಗುಂಡಿ ತಿರುಗಿಸಿದೆ. ನನ್ನ ಕೈಲಾದದ್ದು ಅಷ್ಟೇ.

ಅವ್ವ ಊರಿಗೆ ಮರಳಿದ ಮೇಲೆ ಅಜ್ಜಿಯನ್ನು ಲಾಸ್ ಆಲ್ಟೋಸ್‌ನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ವಾರಕ್ಕೊಮ್ಮೆ ಹೋಗುತ್ತಿದ್ದೆ. ಮಾತು ಕಡಿಮೆಯಾಗಿತ್ತು. "ಗೋಪುರ ಇದೆಯೇ?" ಎಂದಷ್ಟೇ ಕೇಳುವರು. "ಇದೆ" ಎನ್ನುತ್ತಿದ್ದೆ. ಅಷ್ಟರಲ್ಲಿ ನಡುಭಾಗವೂ ಬಿದ್ದುಹೋಗಿತ್ತು, ಅದು ಅವರಿಗೂ ಗೊತ್ತಿತ್ತು. ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಬೇಸಿಗೆಯ ಹೊತ್ತಿಗೆ ಅವರು ಹೋಗಿಬಿಟ್ಟರು.

ತಮ್ಮನ್ನು ತಂಗಿಯ ಪಕ್ಕದಲ್ಲಿ ಇಡಬೇಕೆಂಬುದು ಅವರ ಆಸೆಯಾಗಿತ್ತು. ಅಣ್ಣನ ಮಗಳು ಬಂದು ಬೂದಿಯನ್ನು ಒಯ್ದಳು, ಎಲ್ಲಿಗೆ ಎಂದು ತಿಳಿಯದೆ...

ಲಾಸ್ ಗ್ಯಾಟೋಸ್‌ನಿಂದ ಬಂದ ಮರುದಿನ ಬೆಳಿಗ್ಗೆ ಅವಳಿಗೆ ಫೋನು ಮಾಡಿದೆ. ಬೂದಿಯ ಪಾತ್ರೆ ಇನ್ನೂ ಅವಳ ಕಪಾಟಿನಲ್ಲೇ ಇದೆಯಂತೆ. ದಂಡೆಗೆ ಬೇಲಿ ಹಾಕಿದ್ದಾರೆ, ಯಾರನ್ನೂ ಬಿಡುವುದಿಲ್ಲ. ಕಡಲು ಮುಟ್ಟುವ ಮೊದಲೇ, ಜನರ ಮೇಲೆ ಬೀಳಬಾರದೆಂದು, ಗೋಪುರವನ್ನು ಹೋದ ತಿಂಗಳು ಯಂತ್ರ ತಂದು ಕೆಡವಿದರಂತೆ.

ಕೆಡವಿದ್ದು ಸರಿಯಾದ ಕ್ರಮ. ನನ್ನನ್ನು ಕೇಳಿದ್ದರೆ ನಾನೂ ಅದಕ್ಕೇ ಸಹಿ ಹಾಕುತ್ತಿದ್ದೆ.

ಈ ಸುದ್ದಿಯನ್ನು ಹೇಳಲು ಈ ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಹುಬ್ಬಳ್ಳಿಗೆ ಫೋನು ಮಾಡಿ ಅವ್ವನಿಗೆ ಹೇಳಿದೆ.

"ಅದು ಬಿದ್ದದ್ದು ಆಕಿ ನೋಡಲಿಲ್ಲಲ್ಲ, ಅಷ್ಟ ಸಾಕು ಬಿಡು" ಎಂದಳು.

ಹೂಂ ಎಂದೆ. ಅಷ್ಟು ಸಾಕು ಅಂತ ನನಗೆ ಇನ್ನೂ ಅನ್ನಿಸಿಲ್ಲ.