ನನ್ನ ಜಾಗದಲ್ಲಿ ಕೂತಿದ್ದ ಆದಿಮಾನವ

ನಮ್ಮವರ ಪಕ್ಕದಲ್ಲಿ ನನಗೆಂದು ಇಟ್ಟಿದ್ದ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂಬುದು ಹೋದ ವಾರ ಗೊತ್ತಾಯಿತು.

ಬಸ್ಸಿನಲ್ಲಾಗಿದ್ದರೆ ‘ನಾ ಮೊದಲೇ ಟವೆಲ್ ಹಾಕೀನ್ರಿ’ ಎಂದು ಜಗಳ ತೆಗೆಯಬಹುದಿತ್ತು. ಇದು ಬಸ್ಸಲ್ಲ, ಕೊಳಕೂರಿನ ನಮ್ಮ ಹೊಲ. ಕಳೆದ ಶ್ರಾವಣದಿಂದ ನಮ್ಮವರು, ನನ್ನ ಯಜಮಾನರು, ಅಲ್ಲಿ ಬೇವಿನ ಮರದ ಹತ್ತಿರ ಮಣ್ಣಿನೊಳಗೆ ಕೂತಿದ್ದಾರೆ. (ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗವಿಟ್ಟು, ಅದರೊಳಗೆ ಕೂರಿಸುತ್ತೇವೆ. ಬದುಕಿದ್ದಾಗ ಕೂರಲು ಪುರುಸೊತ್ತು ಸಿಗದವರಿಗೆ ಒಳ್ಳೆಯ ಪದ್ಧತಿ.)

ನಮ್ಮ ಮನೆತನದ ಹಿರಿಯರೆಲ್ಲ ಹೊಲದ ಆ ತುದಿಯಲ್ಲಿ, ಬಾವಿಯ ಹತ್ತಿರ ಸಾಲಾಗಿ ಇದ್ದಾರೆ. ನಮ್ಮವರಿಗೆ ಮಾತ್ರ ಈ ತುದಿಯ ಬೇವಿನ ಮೂಲೆಯ ಮೇಲೆ ಚಿಕ್ಕಂದಿನಿಂದ ಜೀವ. ಒಮ್ಮೆ ಅಲ್ಲೇ ಬುತ್ತಿ ಉಣ್ಣುತ್ತಾ ಎಡಗೈಯಿಂದ ನೆಲ ತೋರಿಸಿದ್ದರು.

“ನೋಡಬೇ, ನಾ ಇಲ್ಲಿ. ನೀ ನನ್ನ ಬಲಕ್ಕ. ನೆಳ್ಳು ಇಬ್ಬರಿಗೂ ಬರ್ತದ.”

“ಮೊದಲ ರೊಟ್ಟಿ ಮುಗಸ್ರಿ” ಎಂದಿದ್ದೆ.

ಅವರು ಬಸ್ ಕಂಡಕ್ಟರ್ ಆಗಿದ್ದವರು. ಯಾರು ಎಲ್ಲಿ ಕೂರಬೇಕು ಎಂಬುದನ್ನು ಅವರಷ್ಟು ಅಧಿಕಾರದಿಂದ ಹೇಳುವವರು ಇನ್ನಾರು? ಹಾಗಾಗಿ ಆ ಮಾತು ನನ್ನಲ್ಲಿ ಗಟ್ಟಿಯಾಗಿ ಉಳಿಯಿತು. ಈ ಸಲ ತೊಗರಿ ರಾಶಿ ಮುಗಿದ ಮೇಲೆ ಅವರ ಮೇಲೊಂದು ಗದ್ದುಗೆ ಕಟ್ಟಿಸಲು ಹೊರಟೆ. ಕಟ್ಟುವುದೇ ಆದರೆ ಇಬ್ಬರಿಗೂ ಸೇರಿ ಒಂದೇ ಕಟ್ಟೆ ಇರಲಿ. ಅರ್ಧ ಅವರದು, ಅರ್ಧ ನನ್ನದು. ನನ್ನ ಅರ್ಧಕ್ಕೆ ಅವಸರವೇನಿಲ್ಲ.

ಜೇವರ್ಗಿಯ ಗೌಂಡಿ ಮಲ್ಲಪ್ಪ ಬಂದ. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿಟ್ಟ ಕಲ್ಲನ್ನು ಮೆಲ್ಲಗೆ ನುಂಗುತ್ತದೆ. ಕೆಳಗೆ ಗಟ್ಟಿ ಗರಸು ಸಿಗುವ ತನಕ ಪಾಯ ತೋಡಲೇಬೇಕು. ಅವನು ನನ್ನ ಬದಿಯಲ್ಲಿ ಎದೆಮಟ್ಟ ಇಳಿದಿದ್ದ. ಪಕ್ಕದ ಮಣ್ಣು ದೊಪ್ಪನೆ ಜಾರಿತು. ಒಳಗೊಂದು ಗೂಡು. ಗೂಡಿನೊಳಗೆ ಕಾಲು ಮಡಚಿ, ತಲೆ ತಗ್ಗಿಸಿ ಕೂತ ಎಲುಬಿನ ಆಕಾರ.

ಮಲ್ಲಪ್ಪ ಏಣಿ ಇಲ್ಲದೆ ಮೇಲೆ ಬಂದ.

“ಅಕ್ಕಾರ, ನಿಮ್ಮ ಜಾಗಾ ಖಾಲಿ ಇಲ್ರಿ” ಎಂದ.

ನನಗೆ ಹೆದರಿಕೆ ಆಗಬೇಕಿತ್ತು. ಆಗಿದ್ದು ಸಿಟ್ಟು. ಯಾರಿದು? ಎಷ್ಟು ಹೊತ್ತಿನಿಂದ ನಮ್ಮವರ ಪಕ್ಕ ಹೀಗೆ ಸುಮ್ಮನೆ ಕೂತಿದ್ದಾರೆ?

ಅಷ್ಟರಲ್ಲಿ ನನ್ನ ಮೈದುನ ಶರಣು ಬೈಕಿನಲ್ಲಿ ಬಂದ. ಶರಣುವಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಅವನಿಗೆ ಜೇವರ್ಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಕೈಯಲ್ಲಿ ಮೋಟಾರು, ಕಿವಿಯಲ್ಲಿ ವಿಡಿಯೊ. ಮನುಷ್ಯಕುಲ ಎಲ್ಲಿಂದ ಬಂತು ಎಂಬುದು ಅವನ ವಿಷಯ. ಮಂಗನಿಂದ ಬಂದಿಲ್ಲ, ಅದು ಖಚಿತ. ಆಫ್ರಿಕಾದಿಂದಲೂ ಬಂದಿಲ್ಲ, ಅದು ದೊಡ್ಡವರು ಸೇರಿ ಮಾಡಿದ ಮೋಸ. ಒಂದು ವಾರ ನಾವು ನಕ್ಷತ್ರದಿಂದ ಇಳಿದಿರುತ್ತೇವೆ. ಇನ್ನೊಂದು ವಾರ ಸಮುದ್ರದಲ್ಲಿ ಮುಳುಗಿದ ಖಂಡದಿಂದ ಪಾರಾಗಿ ಬಂದಿರುತ್ತೇವೆ. ಮತ್ತೊಂದು ವಾರ ಇಪ್ಪತ್ತು ಅಡಿ ಎತ್ತರದ ದೈತ್ಯರ ಮೊಮ್ಮಕ್ಕಳು. (ಶರಣು ಕುರ್ಚಿ ಹಾಕಿಕೊಳ್ಳದೆ ಅಟ್ಟದ ಡಬ್ಬಿ ಮುಟ್ಟಲಾರ.)

ನಮ್ಮವರಿದ್ದಾಗ ದಿನಾ ಸಂಜೆ ಚಹಾದ ಹೊತ್ತಿಗೆ ಅಣ್ಣತಮ್ಮರ ವಾದ.

“ನಕ್ಷತ್ರದಿಂದ ಬಂದೇವಂತೀ, ಇಳಿಯೂ ಸ್ಟಾಪ್ ಯಾವುದಲೇ?” ಎನ್ನುತ್ತಿದ್ದರು ನಮ್ಮವರು.

“ನಗ್ರಿ ಅಣ್ಣ, ನಗ್ರಿ. ಒಂದಿನ ಸಾಬೀತ ಮಾಡಿ ತೋರಸ್ತೇನಿ.”

“ಆ ದಿನ ನಿನಗ ಪಾಸ್ ಮಾಡಸ್ತೇನಿ, ಫ್ರೀ ಓಡಾಡು.”

ಅವರು ಹೋದ ಮೇಲೆ ಶರಣುವಿನ ಎದುರು ವಾದಕ್ಕೆ ಯಾರೂ ಇಲ್ಲ. ವಿಡಿಯೊ ಕಡಿಮೆ ಆಗಬಹುದು ಅಂದುಕೊಂಡಿದ್ದೆ. ದುಪ್ಪಟ್ಟಾಯಿತು. ಅಣ್ಣ ಎಲ್ಲಿಗೆ ಹೋದ ಎಂದು ಕೇಳಲಾಗದವನು ಮನುಷ್ಯ ಎಲ್ಲಿಂದ ಬಂದ ಎಂದು ಕೇಳುತ್ತಿದ್ದಾನೆ ಅನ್ನಿಸಿ ನಾನು ತಡೆಯಲಿಲ್ಲ. ದುಃಖಕ್ಕೆ ಒಬ್ಬೊಬ್ಬರದು ಒಂದೊಂದು ಕೆಲಸ. ನಾನು ಪಾತ್ರೆಯನ್ನು ಎರಡೆರಡು ಸಲ ತೊಳೆಯುತ್ತೇನೆ.

ಶರಣು ಗುಂಡಿಗೆ ಇಳಿದ. ಮೊಬೈಲಿನ ಬೆಳಕು ಬಿಟ್ಟು ನೋಡಿದ. ಮೇಲೆ ಬಂದಾಗ ಅವನ ಮುಖ ಬೇರೆಯೇ ಆಗಿತ್ತು.

“ವೈನಿ, ಇದು ನಮ್ಮ ಹಿರ್ಯಾರು ಅಲ್ಲ. ಅವರೆಲ್ಲ ಬಾವಿ ಕಡೀ ಅದಾರ. ಇದು ಮೊದಲನೇ ಮನಷ್ಯಾ.”

“ಯಾರ ಪೈಕಿ?”

“ಎಲ್ಲಾರ ಪೈಕಿ! ವಿಚಾರ ಮಾಡ್ರಿ. ಸತ್ತ ಮ್ಯಾಲ ಜಗತ್ತೆಲ್ಲಾ ಮಲಗತದ. ಕೂಡೋರು ಯಾರು? ನಾವು. ಇವನೂ ಕೂತಾನ. ಮ್ಯಾಲ ಎರಿ ಎಷ್ಟು ಬೆಳದದ ನೋಡ್ರಿ. ಎದಿಮಟ್ಟ ಎರಿ ಬೆಳೀಬೇಕಂದ್ರ ಹತ್ತು ಸಾವಿರ ವರ್ಷಾದ್ರೂ ಬೇಕು. ಅಂದ್ರ ಏನಾತು? ಮನಷ್ಯಾ ಹುಟ್ಟಿದ್ದು ಆಫ್ರಿಕಾದಾಗ ಅಲ್ಲ, ಕೊಳಕೂರದಾಗ!”

“ನಮ್ಮ ಹೊಲದಾಗ?”

“ನಿಮ್ಮ ಜಾಗಾದಾಗ!”

(ಆಳಕ್ಕೆ ತೋಡಿ ಕೂರಿಸಿದವರು ಆಳದಲ್ಲೇ ಇರುತ್ತಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಪಕ್ಕದಲ್ಲಿ ಅಣ್ಣನ ಕುಣಿ ತೋಡುವಾಗ ಗುದ್ದಲಿ ಹಿಡಿದಿದ್ದವನು ಅವನೇ.)

ಆಳಂದದಲ್ಲಿ ಅವನ ಗೆಳೆಯನೊಬ್ಬನಿದ್ದಾನೆ, ಸ್ವಂತ ಚಾನೆಲ್ ಇಟ್ಟುಕೊಂಡವನು. ಶರಣು ನಿಂತಲ್ಲೇ ಅವನಿಗೆ ಫೋನ್ ಹಚ್ಚಿದ. ಮರುದಿನ ಮುಂಜಾನೆ ಅವನು ಡ್ರೋನ್ ಸಮೇತ ಬರುವುದೆಂದು ನಿಶ್ಚಯವಾಯಿತು.

“ಆಮ್ಯಾಲ ಸರ್ಕಾರದವರು ಬರ್ತಾರ ವೈನಿ. ತಂತಿ ಬೇಲಿ ಬರ್ತದ, ಬೋರ್ಡ್ ಬರ್ತದ. ಕೊಳಕೂರ ಮಾನವ ಅಂತ ಹೆಸರು ಬರ್ತದ.”

“ಬೇಲಿ ಹಾಕಿದ್ರ ನಿಮ್ಮ ಅಣ್ಣ?”

ಶರಣು ಹೊಲದ ಆ ತುದಿಗೆ ಕೈ ತೋರಿಸಿದ. “ಅಣ್ಣಗ ಬಾವಿ ಕಡೀ ಒಯ್ಯೂಣು. ಹಿರ್ಯಾರ ಸಾಲಿನಾಗ ಚೊಲೋನ ಆಗ್ತದ.”

ಒಮ್ಮೆ ಕೂರಿಸಿದವರನ್ನು ಎಬ್ಬಿಸುವುದೇ? ಮತ್ತೊಮ್ಮೆ ಹೊರುವುದೇ? ಬಾಯಿ ತೆರೆದರೆ ಅಳು ಬರುತ್ತಿತ್ತು, ಅತ್ತರೆ ಅವನೂ ಅಳುತ್ತಿದ್ದ, ಆಮೇಲೆ ಮಲ್ಲಪ್ಪನಿಗೆ ಕಷ್ಟ.

ಬೇವಿನ ಬುಡದಲ್ಲಿ ಕೂತು ಅಫಜಲಪುರಕ್ಕೆ ಫೋನ್ ಮಾಡಿದೆ. ಅಲ್ಲಿ ನಮ್ಮ ಮಾವನವರ ತಂಗಿ ಗಂಗಮ್ಮತ್ತೆ ಇದ್ದಾರೆ. ನಮ್ಮ ಮನೆತನದಲ್ಲಿ ಉಳಿದ ಅತ್ಯಂತ ಹಳೆಯ ಜೀವ. ಈ ಹೊಲದಲ್ಲಿ ಆಡಿ ಬೆಳೆದವರು.

“ಅತ್ತಿ, ಬೇವಿನ ಗಿಡದ ಬುಡಕ ಯಾರನ್ನರ ಇಟ್ಟಿದ್ರೇನ್ರಿ?”

ಆ ಕಡೆ ಸದ್ದಿಲ್ಲ. ಕಿವಿ ಮಂದ, ಕೇಳಿಸಿಲ್ಲವೇನೋ ಎಂದು ಮತ್ತೆ ಕೂಗಿದೆ.

“ಕೇಳಸ್ತು. ಯಾಕ ಒದರ್ತೀ? ನಾಳಿ ಬರ್ತೇನಿ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ.” ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಬೇವಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಗಂಗಮ್ಮತ್ತೆ ಗುಂಡಿಯ ದಂಡೆಗೆ ಕೂತರು. ಆ ಕಡೆ ಆಳಂದದ ಗೆಳೆಯ ಮೈಕು ಹಿಡಿದು ಶುರು ಮಾಡಿದ.

“ವೀಕ್ಷಕರೇ, ಇಡೀ ಜಗತ್ತಿನ ಇತಿಹಾಸವನ್ನೇ ಬದಲಿಸುವ...”

“ಯಾರಪ್ಪಾ ನೀ? ಬಿಸಲಾಗ ನಿಂತು ಯಾಕ ಒದರಾಕತ್ತೀ? ಸ್ವಲ್ಪ ಸುಮ್ಮಕಿರು” ಎಂದರು ಅತ್ತೆ. ಇತಿಹಾಸ ಅಲ್ಲಿಗೆ ನಿಂತಿತು.

ಅವರು ಮಲ್ಲಪ್ಪನಿಗೆ ಹೇಳಿದರು: “ಎಲುಬಿನ ಕೈ ಮ್ಯಾಲಿನ ಮಣ್ಣು ಮೆತ್ತಗ ಸರಸು. ಮುಂಗೈ ಹತ್ರ ಹಸರಂದು ಏನರ ಅದ ಏನು ನೋಡು.”

ಮಲ್ಲಪ್ಪ ಬೆರಳಿನಿಂದ ಮಣ್ಣು ಸರಿಸಿದ. ಇತ್ತು. ಗಾಜಿನ ಬಳೆಯ ಚೂರುಗಳು. ಮಣ್ಣು ಒರೆಸಿ ಬಿಸಿಲಿಗೆ ಹಿಡಿದರೆ ಇನ್ನೂ ಹಸಿರು.

ಎಲ್ಲರೂ ಶರಣುವಿನ ಮುಖ ನೋಡಿದೆವು. ಪಾಪ, ಮುಗಿಯಿತು ಅಂದುಕೊಂಡೆ. ಮುಗಿಯುವುದುಂಟೇ?

“ಅಂದ್ರ ಏನಾತು ನೋಡ್ರಿ ವೈನಿ! ಹತ್ತು ಸಾವಿರ ವರ್ಷದ ಹಿಂದನ ನಮ್ಮ ಮಂದಿಗಿ ಗಾಜ ಮಾಡೂ ಟೆಕ್ನಾಲಜಿ ಗೊತ್ತಿತ್ತು!”

ಇಂಥ ಥಿಯರಿಗಳಿಗೆ ಸಾವಿಲ್ಲ. ಪರವಾಗಿ ಸಿಕ್ಕಿದ್ದೂ ಪ್ರೂಫ್, ವಿರುದ್ಧ ಸಿಕ್ಕಿದ್ದೂ ಪ್ರೂಫ್. ಏನೂ ಸಿಗದಿದ್ದರೆ ಯಾರೋ ಮುಚ್ಚಿಟ್ಟಿದ್ದಾರೆ ಎಂಬುದಕ್ಕೆ ಪ್ರೂಫ್.

“ನಿನ್ನ ಟೆಕ್ನಾಲಜಿ ಹಳ್ಳಾ ಹಿಡೀಲಿ. ಅಕಿ ನಮ್ಮ ಅಕ್ಕ” ಎಂದರು ಗಂಗಮ್ಮತ್ತೆ.

ಕತೆ ಹೊರಬಂತು. ಅತ್ತೆಯ ತಂದೆಗೆ, ಅಂದರೆ ನಮ್ಮವರ ಅಜ್ಜನಿಗೆ, ಮೊದಲೊಂದು ಮದುವೆ ಆಗಿತ್ತು. ಸಣ್ಣ ವಯಸ್ಸಿನ ಹುಡುಗಿ, ಆಳಂದ ಕಡೆಯವಳು. ಬಂದ ವರ್ಷವೇ ಜ್ವರದಲ್ಲಿ ಹೋದಳು. ಮುತ್ತೈದೆ ಎಂದು ಉಡಿ ತುಂಬಿ, ಹಸಿರು ಬಳೆ ತೊಡಿಸಿ ಕೂರಿಸಿದರು. ಆದರೆ ಬಾವಿಯ ಹತ್ತಿರ ಅಲ್ಲ. ಮುಂದೆ ಬರುವ ಸೊಸೆ ದಿನಾ ನೀರಿಗೆ ಹೋಗುವಾಗ ಸವತಿಯ ಗದ್ದುಗೆ ಕಣ್ಣಿಗೆ ಬೀಳುವುದು ಬೇಡ ಎಂದು ಈ ದೂರದ ಮೂಲೆಗೆ. ಮೇಲೊಂದು ಕಲ್ಲು ಇಟ್ಟಿದ್ದರಂತೆ. ಅದನ್ನು ಎರೆ ನುಂಗಿತು.

ಮುಂದಿನ ಸೊಸೆ ಬಂದಳು. ಅವಳೇ ಗಂಗಮ್ಮತ್ತೆಯ ತಾಯಿ. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಆದರೆ ಹೆದರಲಿಲ್ಲ. ಎಳ್ಳಮವಾಸ್ಯೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು ಬೆಳೆಗೆ ನೈವೇದ್ಯದ ಚರಗ ಚೆಲ್ಲುವಾಗ, ಅವಳು ಒಂದು ಎಲೆಯಲ್ಲಿ ಕಡುಬು ಇಟ್ಟುಕೊಂಡು ಬೇವಿನ ಬುಡಕ್ಕೆ ಬರುತ್ತಿದ್ದಳು. ‘ಅಕ್ಕಾ, ಮೊದಲ ನೀ ಉಣ್ಣು’ ಎಂದು ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು.

“ನಾವು ಹುಡುಗುರು ಅಕ್ಕ ಅಂದ್ರ ಯಾವುದೋ ದೇವರು ಅಂತ ತಿಳದಿದ್ದಿವಿ. ನನ್ನ ಮದಿವಿ ಆದ ಮ್ಯಾಲ ಅವ್ವ ಖರೇ ಹೇಳಿದಳು” ಎಂದರು ಅತ್ತೆ.

ಆಳಂದದ ಗೆಳೆಯ ಟ್ರೈಪಾಡ್ ಮಡಚತೊಡಗಿದ.

“ಹೊಂಟ್ಯಾ?” ಎಂದ ಶರಣು.

“ಹತ್ತು ಸಾವಿರ ವರ್ಷದಾಕಿ ಆಗಿದ್ರ ಲಕ್ಷ ಮಂದಿ ನೋಡ್ತಿದ್ರಪ್ಪ. ನಿಮ್ಮ ಅಜ್ಜಿ ಅಂದ್ರ ನಿಮ್ಮ ಮನಿಯಾವರೂ ನೋಡಂಗಿಲ್ಲ.”

ಬೇಜಾರಿಲ್ಲದೆ ಹೇಳಿದ. ಸುಳ್ಳನ್ನೂ ಹೇಳಲಿಲ್ಲ. ಚಹಾ ಕುಡಿದು ಹೋದ.

ಅತ್ತೆ ನನ್ನ ಕಡೆ ತಿರುಗಿದರು. “ಯವ್ವಾ, ಆ ಎಲಿಯಾಗಿನ ಕಡಬು ಎಲ್ಲಿ ಹೋಗ್ತಿದ್ದವು ಗೊತ್ತದೇನು?”

“ಎಲ್ಲಿ ಅತ್ತಿ?”

“ನಿನ್ನ ಗಂಡನ ಹೊಟ್ಟ್ಯಾಗ! ಆವಾಗ ಇಷ್ಟೆತ್ತರ ಇದ್ದ. ಗಿಡದ ಮರೀಗಿ ಕೂತಿರಾಂವ. ಅಜ್ಜಿ ಆ ಕಡೀ ಹೋದ್ಳೋ ಇಲ್ಲೋ, ಎಲಿ ಖಾಲಿ. ಆಮ್ಯಾಲ ಅಕಿ ಬಂದು ನೋಡಿ, ಅಕ್ಕ ಉಂಡ್ಳು ಅಂತ ಸೆರಗಿಲೆ ಕಣ್ಣ ಒರಸಿಕೋತಿದ್ಳು.”

“ನೀವು ಖರೇ ಹೇಳಲಿಲ್ಲೇನ್ರಿ?”

“ಹ್ಯಾಂಗ ಹೇಳಲಿಬೇ? ಅದರಾಗ ಅರ್ಧಾ ಪಾಲು ನಂದಿತ್ತು!”

ನಾನು ನಕ್ಕೆ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಶ್ರಾವಣದ ನಂತರ ಈ ಹೊಲದಲ್ಲಿ ನಕ್ಕಿದ್ದು ಅದೇ ಮೊದಲು. ಈ ಮೂಲೆಯ ಮೇಲೆ ಅವರಿಗೇಕೆ ಅಷ್ಟು ಜೀವ ಎಂದು ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ನೆರಳಿಗೆ ಅಂದುಕೊಂಡಿದ್ದೆ. ಯಾರದೋ ಕಡುಬು ತಿಂದ ಋಣಕ್ಕೆ ಅವಳ ಪಕ್ಕದಲ್ಲೇ ಹೋಗಿ ಕೂತಿದ್ದಾರೆ ಮಹಾರಾಯರು. ಅವರಿಗೂ ಅದು ಗೊತ್ತಿರಲಿಲ್ಲ.

ಇನ್ನು ಆಕೆಯ ಮೇಲೆ ಸಿಟ್ಟು ಮಾಡಲು ಬರುತ್ತದೆಯೇ? ಜಾಗ ಆಕೆಯದು. ಆಮೇಲೆ ಬಂದವರು ನಾವು.

ಉಪ್ಪು, ವಿಭೂತಿ, ಪತ್ರಿ ತರಿಸಿದೆವು. ಬಳೆ ಚೂರನ್ನು ಇದ್ದಲ್ಲೇ ಇಟ್ಟು, ಗೂಡು ಮುಚ್ಚಲು ಶರಣು ತಾನೇ ಇಳಿದ. ಬೊಗಸೆಯಲ್ಲಿ ಮಣ್ಣು ಹಾಕುತ್ತಾ ಹಾಕುತ್ತಾ ನಿಂತ. ಮೇಲೆ ನೋಡದೆ ಕೇಳಿದ:

“ವೈನಿ, ಅಣ್ಣನೂ ಹಿಂಗ ಕೂತಿರ್ತಾನೇನ್ರಿ?”

“ಹೂಂ. ನಿನ್ನ ವಿಡಿಯೊ ಕೇಳೂದು ತಪ್ಪ್ಯದ ಅಂತ ಆರಾಮ ಕೂತಿರ್ತಾರ.”

ಅವನ ಭುಜ ಅಲುಗಿದ್ದು ಕಂಡಿತು. ನಗುವೋ ಅಳುವೋ, ಮೇಲಿನಿಂದ ತಿಳಿಯಲಿಲ್ಲ. ಮೇಲೆ ಬಂದವನ ಮುಖದ ತುಂಬ ಎರೆ, ಕಣ್ಣ ಕೆಳಗೆ ಮಾತ್ರ ಎರಡು ಗೆರೆ. ಅಣ್ಣನನ್ನು ಬಾವಿ ಕಡೆ ಒಯ್ಯುವ ಮಾತು ಮತ್ತೆ ಬರಲಿಲ್ಲ.

“ನಿಮ್ಮ ಜಾಗಾ ಈಗ ಎಲ್ರಿ ಅಕ್ಕಾರ?” ಎಂದ ಮಲ್ಲಪ್ಪ.

“ಎಡಕ್ಕ.”

ಎಡಕ್ಕೆ ಹೊತ್ತು ಏರುವ ತನಕ ಬಿಸಿಲು. ಇರಲಿ. ಎಳೆ ಜೋಳದ ಸೀತನಿ ಸುಡುವ ಚಳಿಗಾಲದಲ್ಲಿ ಎಳೆಬಿಸಿಲು ಹಿತವಾಗಿರುತ್ತದೆ. ಕಟ್ಟೆ ಈಗ ಮೂವರಿಗೆ ಆಗುವಷ್ಟು ಉದ್ದವಾಗಿ ಏಳುತ್ತಿದೆ.

ಕೊನೆಗೆ ಮಲ್ಲಪ್ಪ ಇನ್ನೊಂದು ಕೇಳಿದ. ಕಲ್ಲಿನ ಮೇಲೆ ನಮ್ಮವರ ಹೆಸರು ಸರಿ, ಈ ತಾಯಿಯ ಹೆಸರು ಏನು ಕೆತ್ತಿಸಲಿ?

ಎಲ್ಲರೂ ಗಂಗಮ್ಮತ್ತೆಯ ಕಡೆ ನೋಡಿದೆವು. ಅತ್ತೆ ಬೇವಿನ ಕಡೆ ನೋಡಿದರು. ಅವರ ತಂದೆ ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಅಂದಿರಲಿಲ್ಲವಂತೆ. ತಾಯಿಗೆ ಆಕೆ ಬರೀ ಅಕ್ಕ. ಆಳಂದ ಕಡೆಯ ಯಾವ ಊರು ಎಂಬುದೂ ಗೊತ್ತಿಲ್ಲ. ನಕ್ಷತ್ರದಿಂದ ಇಳಿದ ರಾಜರ ಹೆಸರುಗಳನ್ನು ಸಾಲಾಗಿ ಒಪ್ಪಿಸಬಲ್ಲ ಶರಣು ಜೇಬಿನಿಂದ ಮೊಬೈಲು ತೆಗೆದ. ಅದನ್ನೊಮ್ಮೆ ನೋಡಿದ. ಹಾಗೆಯೇ ಒಳಗಿಟ್ಟ.

‘ಅಕ್ಕ’ ಎಂದು ಕೆತ್ತಲು ಹೇಳಿದ್ದೇವೆ.

ಮನುಷ್ಯ ಎಲ್ಲಿಂದ ಬಂದ ಎಂದು ನೀವೂ ಚಹಾದಂಗಡಿಯಲ್ಲಿ ವಾದ ಮಾಡುವವರಿರಬಹುದು. ಧಾರಾಳವಾಗಿ ಮಾಡಿ. ಅದಕ್ಕೆ ಮೊದಲು ಇಷ್ಟು ಹೇಳಿ: ನಿಮ್ಮ ಅಜ್ಜನ ತಾಯಿಯ ಹೆಸರೇನು?