ಎರಡು ಕಚ್ಚಿನ ಮ್ಯಾಗ್ನೆಟ್ಟು

ಸೋಮವಾರ ಮಧ್ಯಾಹ್ನ ಪರಮೇಶಣ್ಣ ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಬಿಚ್ಚಿ ಹಾಕಿದರು. ಕೆಟ್ಟು ನಿಂತ ಗಾಡಿಯಲ್ಲ ಸ್ವಾಮಿ, ಓಡುತ್ತಿದ್ದ ಗಾಡಿ! ಅದೂ ಹೆಂಡತಿಯ ಗಾಡಿ. ಊಟದ ಡಬ್ಬಿ ಕೊಡಲು ಬಂದ ಸರ್ವಮಂಗಳಕ್ಕ ಗ್ಯಾರೇಜಿನೊಳಗೆ ಕೂತು ನೀರು ಕುಡಿಯುವಷ್ಟರಲ್ಲಿ ಇವರು ಹೊರಗೆ "ಸೌಂಡ್ ಸರಿ ಇಲ್ಲ" ಎನ್ನುತ್ತಾ ಸ್ಪ್ಯಾನರ್ ಹಿಡಿದು ಕೂತಾಗಿತ್ತು. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಿಂದ ನಾನು ನೋಡುತ್ತಲೇ ಇದ್ದೆ. ಎದ್ದು ಹೋಗಿ ತಡೆಯಲಿಲ್ಲ. ಯಾವನೋ ಗಿರಾಕಿ ಬ್ರೇಕ್ ಕೇಬಲ್ ವಿಷಯಕ್ಕೆ ತಲೆ ತಿನ್ನುತ್ತಿದ್ದ, ಅವನಿಗೆ ಬೈಯುವುದರಲ್ಲಿ ಮುಳುಗಿದ್ದೆ. ಈಗ ನನಗೆ ನಾನೇ ಬೈದುಕೊಳ್ಳುತ್ತಿದ್ದೇನೆ.

ನನ್ನ ಹೆಸರು ನಾಗಾರ್ಜುನ. ಶನಿವಾರಸಂತೆಯಲ್ಲಿ ನನ್ನ ಅಂಗಡಿಗೂ ಪರಮೇಶಪ್ಪನವರ, ಎಂದರೆ ನಮ್ಮ ಪರಮೇಶಣ್ಣನ, ಗ್ಯಾರೇಜಿಗೂ ಇಪ್ಪತ್ತಾರು ವರ್ಷದಿಂದ ಒಂದೇ ಗೋಡೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತದೆ, ಹೇಳಲಿ, ಸುಳ್ಳೇನಲ್ಲ. ಆದರೆ ಗೋಡೆಯ ಆಚೆಗಿನ ಮನುಷ್ಯನ ಮೇಲೆ ಆ ವಾರದವರೆಗೆ ಒಂದು ದಿನವೂ ದನಿ ಎತ್ತಿದವನಲ್ಲ. ಎತ್ತುವಂಥ ಮನುಷ್ಯ ಅವರಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಶಟರ್ ಎತ್ತುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ವಿಭೂತಿಯ ಮೇಲೆ ಕರಿ ಆಯಿಲ್ ಬೆರಳಚ್ಚು ಬಿದ್ದಿರುತ್ತಿತ್ತು.

ಟೂ ಸ್ಟ್ರೋಕ್ ಸ್ಕೂಟರ್ ಎಂದರೆ ಪರಮೇಶಪ್ಪ. ಸೋಮವಾರಪೇಟೆಯಿಂದ, ಕೊಡ್ಲಿಪೇಟೆಯಿಂದ, ಜಿಲ್ಲೆಯ ಗಡಿಯಾಚೆ ಯಸಳೂರಿನಿಂದ ಜನ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಅವರು ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ, "ಏನ್ ಗೌಡ್ರೇ, ಪೆಟ್ರೋಲಿಗೆ ಆಯಿಲ್ ಹಾಕ್ಸೋದ್ರಲ್ಲೂ ಜಿಪುಣತನವಾ?" ಎಂದು ಕೇಳುತ್ತಿದ್ದರು. ಗೌಡರು ತಲೆ ಕೆರೆದುಕೊಳ್ಳುತ್ತಿದ್ದರು. ಯಾವ ಗಾಡಿಗೆ ಏನು ಮಾಡಿದೆ ಎಂದು ಪರಮೇಶಣ್ಣ ಒಂದು ಚೀಟಿಯಲ್ಲೂ ಬರೆದಿಟ್ಟವರಲ್ಲ. ಕೇಳಿದರೆ "ತಲೇಲಿದೆ ಬಿಡಪ್ಪ" ಎನ್ನುತ್ತಿದ್ದರು. ನಿಜವಾಗಿಯೂ ತಲೆಯಲ್ಲಿತ್ತು. ಎಂಟು ವರ್ಷದ ಹಿಂದೆ ಒಂದು ಗಾಡಿಗೆ ಹಾಕಿದ ವಾಷರು ಎಷ್ಟು ದಪ್ಪದ್ದು ಎಂಬುದೂ ಇತ್ತು.

ಸರ್ವಮಂಗಳಕ್ಕನ ಗಾಡಿಯ ಕಥೆ ಹೇಳಬೇಕು, ಇಲ್ಲದಿದ್ದರೆ ನಿಮಗೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಅಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲಿಗೆ ಬಲವಿಲ್ಲ. ಮದುವೆಯಾಗಿ ಬಂದಾಗ ಅವರಿಗೆ ಇದ್ದದ್ದು ಒಂದೇ ಆಸೆ, ಊರೊಳಗೆ ಒಂದು ಹೊಲಿಗೆ ಅಂಗಡಿ. ಮನೆ ಇದ್ದದ್ದು ಊರಾಚೆ, ಕಡಿದಾದ ಏರಿನ ತುದಿಯಲ್ಲಿ. ಪರಮೇಶಣ್ಣ ಒಂದು ಹಳೆಯ ಗೇರ್ ಸ್ಕೂಟರ್ ತಂದರು, ಹಿಂದೆ ಎರಡೂ ಪಕ್ಕ ಚಕ್ರ ಕೂರಿಸಿದರು, ಕಾಲಿನಿಂದ ಒದೆಯುವ ಕಿಕ್ಕರ್ ತೆಗೆದು ಕೂತಲ್ಲಿಂದಲೇ ಕೈಯಲ್ಲಿ ಎಳೆಯುವ ಲಿವರ್ ಮಾಡಿದರು. ಎಲ್ಲ ಸರಿ, ಗಾಡಿ ಏರು ಹತ್ತಲಿಲ್ಲ! ಅರ್ಧಕ್ಕೆ ಹೋಗಿ ನಿಂತುಬಿಡುತ್ತಿತ್ತು. ಮೂರು ಸಲ ನಾನೇ ಹಿಂದಿನಿಂದ ತಳ್ಳಿದ್ದೇನೆ. ಅಕ್ಕ ಮೇಲೆ ಕೂತು ನಗುತ್ತಿದ್ದರು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಪರಮೇಶಣ್ಣನಿಗೆ ಹಟ ಹಿಡಿಯಿತು. ಹೆಚ್ಚು ಎಳೆತದ ಬೇರೊಂದು ಗಾಡಿಯ ಕ್ರ್ಯಾಂಕ್, ಎಂದರೆ ಎಂಜಿನ್ನಿನೊಳಗೆ ತಿರುಗುವ ದಂಡ, ಹುಡುಕಿ ತಂದು ಈ ಎಂಜಿನ್ನಿಗೆ ಹಾಕಿದರು. ಕ್ರ್ಯಾಂಕಿನ ತುದಿಗೆ ಮ್ಯಾಗ್ನೆಟ್ಟು ಎಂಬ ಭಾರದ ಚಕ್ರ ಕೂರುತ್ತದೆ. ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂದು ನಿರ್ಧರಿಸುವುದು ಅದು. ಅದರ ಒಳಗೆ ಕೊರೆದ ಕಚ್ಚಿನಲ್ಲಿ, ಚಕ್ರ ಜರುಗದಂತೆ ಹಿಡಿಯುವ ಒಂದು ಸಣ್ಣ ಲಾಕು ಕೂರಬೇಕು. ಕ್ರ್ಯಾಂಕು ಬೇರೆಯದಾದ್ದರಿಂದ ಕಂಪನಿಯ ಕಚ್ಚಿಗೆ ಕೂರಿಸಿದರೆ ಕಿಡಿ ಹೊತ್ತಲ್ಲದ ಹೊತ್ತಿಗೆ ಬರುತ್ತಿತ್ತು. ಹಾಗಾಗಿ ಪರಮೇಶಣ್ಣ ಸಣ್ಣ ಅರ ಹಿಡಿದು ಮೂರು ದಿನ ಉಜ್ಜಿ ಮ್ಯಾಗ್ನೆಟ್ಟಿನಲ್ಲಿ ತಮ್ಮದೇ ಎರಡನೆಯ ಕಚ್ಚು ತೆಗೆದರು. ಅದನ್ನು ಅಲುಗದಂತೆ ಹಿಡಿದುಕೊಂಡು ಕೂತವನು ನಾನು. ನಾಲ್ಕನೆಯ ದಿನ ಸರ್ವಮಂಗಳಕ್ಕ ಒಂದೇ ಉಸಿರಿಗೆ ಏರು ಹತ್ತಿದರು. ಇಪ್ಪತ್ತೆರಡು ವರ್ಷ ಆ ಗಾಡಿ ಅವರನ್ನು ಅಂಗಡಿಗೆ ತಂದಿತು, ಮನೆಗೆ ಒಯ್ದಿತು. ಗಾಡಿಯ ಹಿಂಬದಿಯ ಹೊಗೆ ಕಂಡರೇ ಸಾಕು, ಟೈಲರಮ್ಮ ಬಂದರು ಎಂದು ಜನರಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷದಿಂದ ಪರಮೇಶಣ್ಣನಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು. ಆಮೇಲೆ ಒಬ್ಬರ ಗಾಡಿಯ ಚಕ್ರ ಇನ್ನೊಬ್ಬರ ಗಾಡಿಗೆ ಬಂತು. ಒಂದು ದಿನ ಪೆಟ್ರೋಲ್ ಟ್ಯಾಂಕಿಗೆ ಗೇರ್ ಆಯಿಲ್ ಸುರಿದರು. ಗಿರಾಕಿಗಳು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನನಗೆ ಹೊಟ್ಟೆ ಉರಿದುಹೋಯಿತು. ಇವರ ಕೈಯಿಂದ ಇಪ್ಪತ್ತು ವರ್ಷ ಗಾಡಿ ಓಡಿಸಿಕೊಂಡವರು, ಬಂದು ಒಂದು ಲೋಟ ಟೀ ಕುಡಿದು ಮಾತಾಡಿಸಬಾರದಾ?

ಹಾಸನದ ಡಾಕ್ಟರರು ಮಾತ್ರೆ ಕೊಟ್ಟು, ಪೆಟ್ರೋಲು, ಬೆಂಕಿ ಇರುವ ಕಡೆ ಇವರನ್ನು ಇನ್ನು ಬಿಡಬೇಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಎಂದರೆ ಗ್ಯಾರೇಜು ಮುಚ್ಚಬೇಕು. ಸರ್ವಮಂಗಳಕ್ಕ ಒಪ್ಪಲಿಲ್ಲ. ಮನೆಯಲ್ಲಿ ಕೂರಿಸಿದರೆ ಆರು ತಿಂಗಳಲ್ಲಿ ಮನುಷ್ಯನೇ ಇರುವುದಿಲ್ಲ ಎಂದು ಅವರ ಹೆದರಿಕೆ.

ಆ ಸೋಮವಾರ ಸಂಜೆ ಎಂಜಿನ್ನು ಮತ್ತೆ ಜೋಡಿಸಿ ಪರಮೇಶಣ್ಣ ಲಿವರ್ ಎಳೆದರು. ಅದು ಉಲ್ಟಾ ಒದ್ದು ಅವರ ಮಣಿಕಟ್ಟಿಗೆ ಬಡಿಯಿತು. ಏನು ತಪ್ಪಾಗಿದೆ ಎಂದು ನನಗೆ ಆಗಲೇ ತಿಳಿದುಹೋಯಿತು. ಮಂಗಳವಾರ ಬೆಳಿಗ್ಗೆ ಅಕ್ಕ ಆಟೋದಿಂದ ಇಳಿದು, ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಸೀದಾ ನನ್ನ ಕೌಂಟರಿಗೆ ಬಂದರು.

"ನಾಗಾರ್ಜುನ, ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ನಿಂಗೆ ಗೊತ್ತು, ಅಲ್ವಾ?"

"ಗೊತ್ತು ಕಣಕ್ಕ. ಲಾಕು ಕಂಪನಿ ಕಚ್ಚಿಗೆ ಕೂರ್ಸಿದಾರೆ. ಐದ್ ನಿಮಿಷದ ಕೆಲ್ಸ. ಹೇಳ್ಬಿಡ್ಲಾ?"

"ಬೇಡ." ಅವರು ನನ್ನ ಕೈ ಹಿಡಿದುಕೊಂಡರು. "ಶನಿವಾರದವರೆಗೂ ಬಾಯಿ ಬಿಡ್ಬೇಡ. ಮಾತು ಮರೀಬೋದು, ಹೆಸ್ರು ಮರೀಬೋದು. ಅವ್ರ ಕೈ ಮರ್ಯಲ್ಲ. ಈ ಗಾಡಿ ಅವ್ರ ಕೈಯಲ್ಲೇ ಸ್ಟಾರ್ಟ್ ಆದ್ರೆ, ಯಾವ ಡಾಕ್ಟ್ರು ಏನ್ ಹೇಳ್ಲಿ, ನಾನು ಗ್ಯಾರೇಜ್ ಮುಚ್ಚಲ್ಲ."

"ಆಗ್ದಿದ್ರೆ?"

"ಆಗುತ್ತೆ ಬಿಡೋ," ಎಂದರು, ಸಿಡುಕಿನಿಂದ.

ಮಾತು ಕೊಟ್ಟೆ. ಕೊಟ್ಟು ನಾಲ್ಕು ದಿನ ಕೆಂಡದ ಮೇಲೆ ಕೂತೆ. ಮಂಗಳವಾರ ಪರಮೇಶಣ್ಣ ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು ಕಿಡಿ ನೋಡಿದರು. ನೀಲಿ ಕಿಡಿ, ಚಟಪಟ ಎಂದು ಬಂತು. ಬುಧವಾರ ಕಾರ್ಬುರೇಟರ್ ತೊಳೆದು, ಜೆಟ್ಟಿನ ತೂತನ್ನು ಬಿಸಿಲಿಗೆ ಹಿಡಿದು ನೋಡಿದರು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಎಂಜಿನ್ ತಿರುಗಿಸಿದರು, ಗಾಳಿ ಬೆರಳನ್ನು ಪಟ್ಟೆಂದು ಎತ್ತಿ ಎಸೆಯಿತು. ಸೈಲೆನ್ಸರಿನೊಳಗೆ ಕಡಜ ಗೂಡು ಕಟ್ಟಿದೆಯೇನೋ ಎಂದು ಅದನ್ನೂ ಬಿಚ್ಚಿ ತಂತಿ ಹಾಕಿ ಕೆದಕಿದರು. ಪೆಟ್ರೋಲಿದೆ, ಕಿಡಿಯಿದೆ, ಒತ್ತಡವಿದೆ. ಮೂರೂ ಇದ್ದ ಮೇಲೆ ಕಿಡಿಯ ಹೊತ್ತು ತಪ್ಪಿದೆ ಎಂದೇ ಅರ್ಥ. ಇದನ್ನು ನನಗೆ ಕಲಿಸಿದವರೇ ಅವರು. ಆದರೆ ಗುರುವಾರ ಬೆಳಿಗ್ಗೆ ಬಂದು, ಹಿಂದೆಂದೂ ನೋಡೇ ಇಲ್ಲವೇನೋ ಎಂಬಂತೆ ಮತ್ತೆ ಪ್ಲಗ್ಗಿನಿಂದ ಶುರು ಮಾಡಿದರು. ಶುಕ್ರವಾರವೂ ಅಷ್ಟೇ. ಕೌಂಟರಿನಲ್ಲಿ ಕೂತು ನಾನು ಹಲ್ಲು ಕಚ್ಚಿದೆ. ಮ್ಯಾಗ್ನೆಟ್ ಬಿಚ್ಚಿ ಪರಮೇಶಣ್ಣ, ಮ್ಯಾಗ್ನೆಟ್ ಬಿಚ್ಚಿ ಎಂದು ಒಳಗೊಳಗೇ ಬೇಡಿಕೊಂಡೆ.

ಶನಿವಾರ ಬಂತು. ಹೊರಗೆ ಸಂತೆಯ ಗದ್ದಲ, ಹಸಿಮೆಣಸಿನಕಾಯಿ ಮೂಟೆಗಳು, ಲಗೇಜ್ ಆಟೋಗಳು. ಅಕ್ಕ ತಮ್ಮ ಅಂಗಡಿಯ ಬಾಗಿಲು ತೆರೆಯದೆ ಗ್ಯಾರೇಜಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದರು. ನಾನೂ ಗಿರಾಕಿಗಳನ್ನು ಅರ್ಧಕ್ಕೇ ಸಾಗಹಾಕಿ ಅಲ್ಲೇ ನಿಂತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಪರಮೇಶಣ್ಣ ಮ್ಯಾಗ್ನೆಟ್ಟು ಎಳೆದು ತೆಗೆಯುವ ಪುಲ್ಲರ್ ತೆಗೆದುಕೊಂಡರು. ಅಕ್ಕ ನನ್ನ ಮುಖ ನೋಡಿದರು.

ಮ್ಯಾಗ್ನೆಟ್ಟು ಕಳಚಿ ಬಂತು. ಅವರು ಅದನ್ನು ಬಟ್ಟೆಯಲ್ಲಿ ಒರೆಸಿ, ಮಡಿಲಲ್ಲಿ ಇಟ್ಟುಕೊಂಡು, ಒಳಗೆ ಬೆರಳಾಡಿಸಿದರು. ಬೆರಳು ಕಂಪನಿಯ ಕಚ್ಚನ್ನು ದಾಟಿ ತಮ್ಮ ಕಚ್ಚಿಗೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ದೇವರೇ, ಸಿಕ್ಕಿತು ಎಂದುಕೊಂಡೆ ನಾನು. ಆ ಒಂದು ನಿಮಿಷ ನನಗಾದ ಸಂತೋಷಕ್ಕೆ ಲೆಕ್ಕವಿಲ್ಲ.

"ಯಾವ ಬೇವಕೂಫ ಮಾಡಿದ ಕೆಲ್ಸ ಇದು?" ಎಂದರು ಪರಮೇಶಣ್ಣ.

ಮ್ಯಾಗ್ನೆಟ್ಟನ್ನು ನನ್ನ ಕಡೆ ಚಾಚಿದರು.

"ನೋಡು ನಾಗಾರ್ಜುನ, ಕಂಪನಿ ಕಚ್ಚು ಇಲ್ಲಿದೆ, ಯಾವನೋ ಕೈಲಾಗ್ದೋನು ಅರ ಹಾಕಿ ಇನ್ನೊಂದು ಕೊರ್ದಿದಾನೆ. ಒಳ್ಳೇ ಮ್ಯಾಗ್ನೆಟ್ಟು ಹಾಳ್ ಮಾಡಿದಾನೆ. ಇಂಥೋರ್ನೆಲ್ಲ ಗ್ಯಾರೇಜ್ ಇಡಕ್ಕೆ ಬಿಡ್ತಾರಲ್ಲ!"

ಅಕ್ಕ ಬೇಡ ಎಂದು ತಲೆಯಾಡಿಸುತ್ತಿದ್ದರೂ ನಾನು ತಡೆಯಲಾರದೆ ಹೋದೆ. "ಪರಮೇಶಣ್ಣ, ಆ ಕಚ್ಚಿಗೇ ಲಾಕು ಹಾಕಿ ನೋಡಿ. ಒಂದ್ಸಲ ನೋಡಿ."

"ನೀನು ಸಾಮಾನು ಮಾರೋನು, ಮಾರ್ಕೊಂಡಿರು. ನಂಗೆ ಕಲಿಸ್ಬೇಡ."

"ಅದನ್ನ ಕೊರ್ದಿದ್ದು ನೀವೇ ಕಣ್ರೀ!" ಎಂದು ನಾನು ಕಿರುಚಿಬಿಟ್ಟೆ. ಸಂತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ನೀವೇ, ನಿಮ್ಮ ಕೈಯಾರೆ, ಅಕ್ಕನಿಗೋಸ್ಕರ! ಹಿಡ್ಕೊಂಡಿದ್ದೋನು ನಾನು!"

ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಕುಡಿದು ಬಂದವನನ್ನು ಮರ್ಯಾದಸ್ಥರು ನೋಡುವ ಹಾಗೆ ನೋಡಿದರು. "ನಾನು ಇಂಥ ಕೆಲ್ಸ ಮಾಡಲ್ಲಪ್ಪ," ಎಂದು ಮೆಲ್ಲಗೆ ಹೇಳಿದರು.

ಆಮೇಲೆ ಅವರು ಮಾಡಿದ್ದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಟ್ಯಾಂಕಿನ ಸೋರಿಕೆಗೆ ಹಚ್ಚುವ ಕರಿ ಗಮ್ಮು, ಬಿಳಿ ಗಮ್ಮು ಎರಡನ್ನೂ ಸಮಸಮ ತೆಗೆದು ಅಂಗೈಯಲ್ಲಿ ನಾದಿದರು. ತಮ್ಮ ಕಚ್ಚಿಗೆ ತುಂಬಿ, ಹೆಬ್ಬೆರಳಿನಿಂದ ಒತ್ತಿ, ನೀರು ಮುಟ್ಟಿಸಿ ನುಣ್ಣಗೆ ಸವರಿದರು. ಗಮ್ಮು ಗಟ್ಟಿಯಾಗುವವರೆಗೆ ಕಾದು ಅದೇ ಸಣ್ಣ ಅರದಿಂದ ಉಜ್ಜಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಎಲ್ಲಿ ಕಚ್ಚಿತ್ತೆಂದು ಬೆರಳಿಗೂ ತಿಳಿಯದಷ್ಟು ಚೆನ್ನಾಗಿ ಮುಚ್ಚಿದರು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಈ ಊರಿನಲ್ಲಿ ಇನ್ನೊಬ್ಬರು ಮಾಡಲಾರರು. ನೋಡುತ್ತಾ ನೋಡುತ್ತಾ ನನಗೆ ಅಳು ಬಂತು. ಅಕ್ಕ ಅಳಲಿಲ್ಲ, ಆ ಕೈಗಳನ್ನೇ ನೋಡುತ್ತಾ ಕೂತಿದ್ದರು.

ಆ ಗಮ್ಮು ಕೆತ್ತಿ ತೆಗೆಯುವುದು ದೊಡ್ಡ ವಿಷಯವೇನಲ್ಲ. ನಾಳೆ ಯಾವ ಮೆಕ್ಯಾನಿಕ್ ಬೇಕಾದರೂ ಗಾಡಿ ಸ್ಟಾರ್ಟ್ ಮಾಡಿಯಾನು. ಅಕ್ಕ ನಾಲ್ಕು ದಿನ ಕಾದದ್ದು ಅದಕ್ಕಲ್ಲವಲ್ಲ.

ಸಂಜೆ ಐದೂವರೆಗೆ ಎಲ್ಲ ಜೋಡಿಸಿ ಲಿವರ್ ಎಳೆದರು. ಒದ್ದಿತು. ಮತ್ತೆ ಎಳೆದರು. ಹನ್ನೆರಡು ಸಲ ನಾನು ಎಣಿಸಿದೆ, ಆಮೇಲೆ ಎಣಿಸಲಿಲ್ಲ. ಮಣಿಕಟ್ಟು ಊದಿಕೊಂಡಿತ್ತು. ಸರ್ವಮಂಗಳಕ್ಕ ಎದ್ದು ಬಂದು ಅವರ ಕೈಯನ್ನು ಲಿವರಿನಿಂದ ಬಿಡಿಸಿದರು, ಕರೆದುಕೊಂಡು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು.

"ಶಟರ್ ಎಳೀ, ನಾಗಾರ್ಜುನ," ಎಂದರು ನನ್ನ ಕಡೆ ನೋಡದೆ.

"ಅಕ್ಕ, ಸೋಮವಾರ ಇನ್ನೊಂದ್ ಸಲ..."

"ಎಳೀ ಅಂದ್ನಲ್ಲ."

ನಾನು ಸ್ಪ್ಯಾನರುಗಳನ್ನು ಒಳಗಿಟ್ಟು ಶಟರಿನ ಕೊಂಡಿಗೆ ಕೈ ಹಾಕಿದೆ. ಕಟ್ಟೆಯ ಮೇಲೆ ಕೂತಿದ್ದ ಪರಮೇಶಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದಣಿದಿದ್ದರು, ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ.

"ಸ್ವಾಮಿ, ಈಗ್ಲೇ ಮುಚ್ತೀರಾ?" ಎಂದು ಕೇಳಿದರು. "ಪಾಪ, ಈ ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇದಾರೆ. ಕಾಲ್ ಬೇರೆ ಸರಿ ಇಲ್ಲ. ಪರಮೇಶಪ್ಪ ಬರೋವರ್ಗೂ ಇರಿ. ಅವ್ನಾದ್ರೆ ಸ್ಟಾರ್ಟ್ ಮಾಡ್ಕೊಡ್ತಾನೆ."

ನಾನು ಕೊಂಡಿ ಹಿಡಿದುಕೊಂಡೇ ನಿಂತೆ. ಸರ್ವಮಂಗಳಕ್ಕ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತರು, ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡರು.

"ಹೂಂ," ಎಂದರು. "ಅವ್ರಿಗೋಸ್ಕರಾನೇ ಕಾಯ್ತಾ ಇದೀನಿ."